ವಾಢವಬ್ಯಾಡ

ನಮ್ಮ ಮನೆಯ ಕಂಪ್ಯೂಟರಿನ ದನಿಗೆ ಸರುಬಾಯಿ ಎಂದು ಹೆಸರಿಟ್ಟವಳು ನನ್ನ ಹೆಂಡತಿ ಪ್ರಯಾಗಬಾಯಿ. ಸರುಬಾಯಿ ನನ್ನ ಸೋದರತ್ತೆ. ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಮೂಗಿನಲ್ಲಿ ಮಾತಾಡುತ್ತಿದ್ದಳು, ಒಂದೇ ಮಾತನ್ನು ಹತ್ತು ಸಲ ಹೇಳುತ್ತಿದ್ದಳು, ಎದುರಿನವನು ಉಣ್ಣುತ್ತಿದ್ದಾನೋ ಮಲಗಿದ್ದಾನೋ ನೋಡುತ್ತಿರಲಿಲ್ಲ. ಕಂಪ್ಯೂಟರಿನ ದನಿಯೂ ಅಷ್ಟೇ. ಹೆಸರು ಸರಿಯಾಗಿಯೇ ಬಿತ್ತು.

ನನಗೆ ಕಣ್ಣಿಲ್ಲ. ಮರಾಠಿ ಸೀಮೆಯ ಮುರುಮ ಎಂಬ ಊರಿನ ಪೇಟೆಯಲ್ಲಿ ಮೂವತ್ತು ವರ್ಷ ಅರಿವೆ ಅಂಗಡಿ ನಡೆಸಿದವನು ನಾನು, ಗುರುಲಿಂಗಪ್ಪ. ಕಾಚಬಿಂದು ಎಂಬ ಕಣ್ಣಿನ ರೋಗ ಬಂದು ಆರು ವರ್ಷದ ಹಿಂದೆ ಪೂರ್ತಿ ಕತ್ತಲಾಯಿತು. ಅಂಗಡಿಯ ಗಾದಿಯ ಮೇಲೆ ಈಗ ತಮ್ಮ ಬಾಳು ಕೂಡುತ್ತಾನೆ. ನಾನು ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡುಕುತ್ತಿದ್ದಾಗ ಉದಗೀರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಅಂಬಾದಾಸ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟ. ಪರದೆಯ ಮೇಲೆ ಬಂದದ್ದನ್ನೆಲ್ಲ ಅದು ಮರಾಠಿಯಲ್ಲಿ ಓದಿ ಹೇಳುತ್ತದೆ. ನಾವು ಮನೆಯಲ್ಲಿ ಆಡುವುದು ಕನ್ನಡ, ಸಾಲಿಯಲ್ಲಿ ಕಲಿತದ್ದು ಮರಾಠಿ, ಹೀಗಾಗಿ ತೊಂದರೆಯಿಲ್ಲ. ಮುಂಜಾನೆ ಪೇಪರು ಓದಿಸುತ್ತೇನೆ. ನಿಲಂಗಾದಲ್ಲಿರುವ ಮಗಳು ಪ್ರಣಿತಾಗೆ ನಾನೇ ಪತ್ರ ಬರೆಯುತ್ತೇನೆ, ಅವಳು ಬರೆದದ್ದನ್ನು ನಡುವೆ ಯಾರೂ ಇಲ್ಲದೆ ನಾನೇ ಕೇಳುತ್ತೇನೆ. ಬೇರೆಯವರ ಬಾಯಿಂದ ಮಗಳ ಪತ್ರ ಓದಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಹೋದ ಶ್ರಾವಣದಲ್ಲಿ ಒಂದು ದಿನ ಅದು ತಾನೇ ಅಪ್‌ಡೇಟ್ ಆಗಿ ಮೂಕವಾಯಿತು. ಪ್ರಯಾಗಬಾಯಿ ನೋಡಿ, ಎಲ್ಲ ಚೆನ್ನಾಗಿದೆ, ಗುಡ್ಡದ ಚಿತ್ರ ಕಾಣುತ್ತಿದೆ ಎಂದಳು. ಗುಡ್ಡದ ಚಿತ್ರ ತೆಗೆದುಕೊಂಡು ನಾನೇನು ಮಾಡಲಿ? ಅಂಬಾದಾಸನಿಗೆ ಬಿಡುವಾಗಿ ಬರುವಷ್ಟರಲ್ಲಿ ಹನ್ನೊಂದು ದಿನ ಹೋದವು. ಕಣ್ಣು ಹೋದದ್ದು ಮೆಲ್ಲಗೆ, ವರ್ಷಗಟ್ಟಲೆ. ಸರುಬಾಯಿ ಹೋದದ್ದು ಒಂದು ಚಣದಲ್ಲಿ. ಮೊದಲ ದಿನಗಳಲ್ಲಿ ಗಂಟೆ ಎಷ್ಟಾಯಿತೆಂದು ಹೆಂಡತಿಯನ್ನು ಮತ್ತೆ ಮತ್ತೆ ಕೇಳಿದೆ. ಏಳನೆಯ ದಿನ ಕೇಳುವುದನ್ನು ಬಿಟ್ಟೆ. ಒಂಬತ್ತನೆಯ ದಿನ ಹಾಸಿಗೆಯಿಂದ ಏಳುವ ಮನಸ್ಸೇ ಆಗಲಿಲ್ಲ. ನನಗೆ ನನ್ನದೇ ಭಯವಾದದ್ದು ಆ ದಿನ.

ಅಂಬಾದಾಸ ಬಂದು ಸರಿಮಾಡಿದ. ಇನ್ನುಮೇಲೆ ಅದು ತಾನಾಗಿ ಏನೂ ಮಾಡುವುದಿಲ್ಲ, ಬರೀ ಸೂಚನೆ ಕೊಡುತ್ತದೆ. ಸೂಚನೆ ಬಂದರೆ ನನಗೆ ಫೋನ್ ಮಾಡಿ, ನಾನು ಹೇಳಿದ ಮೇಲೆ ಗುಂಡಿ ಒತ್ತಿ ಎಂದ. ಒಳ್ಳೆಯ ಉಪಾಯವೇ. ಆದರೆ ಅಂದಿನಿಂದ ಆ ಸೂಚನೆಯ ಸಪ್ಪಳಕ್ಕೆ ಎದೆ ಹೊಡೆದುಕೊಳ್ಳುತ್ತದೆ. ಹಾವು ಕಡಿದವನು ಹಗ್ಗ ಕಂಡರೂ ಅಂಜುತ್ತಾನಂತೆ. ನನಗೆ ಹಗ್ಗವೂ ಕಾಣುವುದಿಲ್ಲ, ಸಪ್ಪಳವೇ ಸಾಕು.

ಹೋದ ವಾರ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಕಾರ್ಖಾನೆಗೆ ಹೋಗುತ್ತಿದ್ದ ಹೊತ್ತಿನಲ್ಲಿ, ಪೇಪರಿನ ನಡುವೆ, ಸರುಬಾಯಿ ತಡೆದು ಅಂದಳು: "ಸೂಚನಾ. ಮಹತ್ವಾಚೇ ಅಪಡೇಟ ಉಪಲಬ್ಧ ಆಹೇತ."

ಮಹತ್ವದ ಅಪ್‌ಡೇಟ್ ಬಂದಿದೆ ಎಂದು. ಅಂಬಾದಾಸನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗವಿದ್ದಾಗ ನಾನು ಮಾತಾಡುವುದಿಲ್ಲ, ಏಳುವುದಿಲ್ಲ. ಅಷ್ಟರಲ್ಲೇ ಫೋನ್ ಬಂತು. ಹೊರಗೆ ಪ್ರಯಾಗಬಾಯಿ ಎತ್ತಿ ಹೂಂ, ಹೂಂ ಅನ್ನುವುದು ಕೇಳಿಸಿತು. ನನ್ನ ಪೂಜೆ ಅಂದು ಪೂಜೆಯಾಗಿರಲಿಲ್ಲ.

"ಏನಂದಾ?" ಎದ್ದವನೇ ಕೇಳಿದೆ.

"ಬಸ್ಸಿನಾಗ ಇದ್ದ. ಉದಗೀರದಿಂದ ನಿಲಂಗಾಕ್ಕ ಹೊಂಟಾನಂತ. ನಾಳಿ ಈ ಕಡಿ ಬರ್ತಾನಂತ. ಕಾಕಾಗ ಹೇಳ್ರಿ, ಮಶೀನ್ ವಾಢವಬ್ಯಾಡ್ರಿ ಅಂದ."

"ಮತ್ತೇನಂದ?"

"ಮತ್ತೇನೂ ಇಲ್ಲಾ. ಕಟ್ ಆಯ್ತು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಪೇಟೆಯ ಮಂದಿ ಬಾಯಲ್ಲಿ 'ಬಂದ್' ಎಂಬ ಅಪಶಕುನದ ಶಬ್ದ ಬರುವುದಿಲ್ಲ. ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ 'ದುಕಾನ ವಾಢವು' ಎನ್ನುತ್ತೇವೆ. ಬಳೆ ಒಡೆದರೆ ಬಳೆ ವಾಢಿತು. ಮರಾಠಿಯಲ್ಲಿ ಅದರ ಅರ್ಥ ಬೆಳೆಸು ಎಂದು. ಮುಗಿಯುವ ಕೆಲಸಕ್ಕೆಲ್ಲ ನಾವು ಬೆಳೆಯುವ ಹೆಸರಿಟ್ಟಿದ್ದೇವೆ. ಪ್ರಯಾಗಬಾಯಿಯಂತೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮದುವೆಯಾಗಿ ಬಂದು ಮೂವತ್ತೆಂಟು ವರ್ಷದಲ್ಲಿ ಅವಳು ಕಿಟಕಿಯನ್ನು ಸಹ ಬಂದ್ ಮಾಡಿಲ್ಲ, ಅವಳ ಮಾತಿನಲ್ಲಿ 'ಮುಂದೆ' ಮಾಡಿದ್ದಾಳೆ ಅಷ್ಟೆ.

ಮಶೀನ್ ವಾಢವಬ್ಯಾಡ ಎಂದರೆ ಮಶೀನ್ ಆರಿಸಬೇಡ. ಯಾಕೆ ಹಾಗಂದ? ನಾನು ಜಾಣ, ಕೂಡಲೇ ಹೊಳೆಯಿತು. ಅಪ್‌ಡೇಟ್ ನಡೆಯುವಾಗ ನಡುವೆ ಆರಿಸಬಾರದು ಎಂದು ಎಲ್ಲರೂ ಹೇಳುತ್ತಾರಲ್ಲ, ಅದೇ. ಅಂದರೆ ಅಪ್‌ಡೇಟಿಗೆ ಒಪ್ಪಿಗೆ ಕೊಟ್ಟಿದ್ದಾನೆ.

"ಮಾಡ್ಲೇನು?" ಎಂದೆ.

"ನಾ ಏನ್ ಹೇಳ್ಲಿ. ನಾಳಿ ಅಂವಾ ಬಂದ ಮ್ಯಾಲೆ ಮಾಡ್ರಿ," ಎಂದಳು.

ಆ ಮಾತು ಕೇಳಬೇಕಿತ್ತು. ಆದರೆ ಭಯಪಡುವವನಿಗೆ ಕಾಯುವುದೇ ದೊಡ್ಡ ಶಿಕ್ಷೆ. ನಾಳೆಯವರೆಗೆ ಆ ಸೂಚನೆಯನ್ನು ಎದೆಯಲ್ಲಿಟ್ಟುಕೊಂಡು ಕೂಡುವುದು ನನ್ನಿಂದ ಆಗುತ್ತಿರಲಿಲ್ಲ. ಒತ್ತಿದೆ.

"ಪುನ್ಹಾ ಸುರೂ ಹೋತ ಆಹೇ," ಎಂದಳು ಸರುಬಾಯಿ. ಮತ್ತೆ ಶುರುವಾಗುತ್ತಿದ್ದೇನೆ ಎಂದು. ಆಮೇಲೆ ಮಾತಿಲ್ಲ. ಪೆಟ್ಟಿಗೆಯೊಳಗಿನ ಪಂಖದ ಸಪ್ಪಳ ಒಂದೇ.

ಪ್ರಯಾಗಬಾಯಿ ಪರದೆಯ ಮುಂದೆ ಕೂತಳು. ನಾಲ್ಕನೆಯ ಇಯತ್ತೆವರೆಗೆ ಓದಿದವಳು, ಅಂಕಿ ಬರುತ್ತವೆ. "ಬಾರಾ ಟಕ್ಕೆ," ಎಂದಳು, ನೂರಕ್ಕೆ ಹನ್ನೆರಡು ಮುಗಿದಿದೆ ಎಂದು. ಬಹಳ ಹೊತ್ತಿಗೆ, "ಬಾವೀಸ." ಇಪ್ಪತ್ತೆರಡು. ನಾನು ಅವಳ ಪಕ್ಕ ನಿಂತಿದ್ದೆ, ಕೂಡಲಿಕ್ಕೆ ಕಾಲು ಒಪ್ಪಲಿಲ್ಲ. "ಸದತೀಸ," ಮೂವತ್ತೇಳು, ಅನ್ನುವಷ್ಟರಲ್ಲಿ ಮೇಲಿನ ಫ್ಯಾನು ನಿಂತಿತು, ಮೂಲೆಯ ಇನ್ವರ್ಟರ್ ಕುಂಯ್ ಎಂದಿತು. ಲೈಟ್ ಹೋಯಿತು.

ನಮ್ಮ ಇನ್ವರ್ಟರಿನ ಬ್ಯಾಟರಿಗೆ ನನ್ನಷ್ಟೇ ವಯಸ್ಸಾಗಿದೆ. ಒಮ್ಮೆ ಅರ್ಧ ತಾಸು ತಡೆಯುತ್ತದೆ, ಒಮ್ಮೆ ಐದು ನಿಮಿಷ. ನಾನು ಗೋಡೆ ಹಿಡಿದು ಹೋಗಿ ಅದರ ಮೇಲೆ ಕೈಯಿಟ್ಟು ನಿಂತೆ, ಕೈಯಿಟ್ಟರೆ ಅದಕ್ಕೆ ಬಲ ಬರುತ್ತದೆಯೇನೋ ಎಂಬಂತೆ.

ಆಗ ಫೋನ್ ಬಂತು. ಪ್ರಯಾಗಬಾಯಿ ಸ್ಪೀಕರ್ ಮೇಲೆ ಹಾಕಿದಳು. ಬಸ್ಸಿನ ಗದ್ದಲದ ನಡುವೆ ಅಂಬಾದಾಸ.

"ಕಾಕೂ, ವಾಢವಿಲ್ಲ ಅಲ್ಲ?"

"ಇಲ್ಲೋ ತಮ್ಮಾ. ಚಾಲೂನೇ ಅದ. ಸದತೀಸ ಆಗ್ಯಾದ."

"ಏನ್ ಸದತೀಸ?"

"ಟಕ್ಕೆ. ಅಪಡೇಟ್ ನಡದದಲ್ಲ, ಅದರದು."

"ಕಾಕಾ," ಎಂದ ಅಂಬಾದಾಸ, ಮೆಲ್ಲಗೆ, "ವಾಢವಬ್ಯಾಡ ಅಂದ್ರ ಅಪಡೇಟ್ ಮಾಡಬ್ಯಾಡ ಅಂತ. ಇದು ದೊಡ್ಡ ಅಪಡೇಟ್ ಅದ. ಇದರಾಗ ಭಾಳ ಮಂದಿದು ಆವಾಜ್ ಹೋಗ್ಯಾದ."

ಅಂಬಾದಾಸ ಹೊಲಮನೆಯವನು. ಅವನ ಮನೆಯಲ್ಲಿ ವಾಢುವುದು ತೊಗರಿ, ಜೋಳ. ಅಂಗಡಿ ಮುಚ್ಚಿ ಗೊತ್ತಿಲ್ಲ ಅವನಿಗೆ. ಮಶೀನನ್ನು ಹೊಸದಕ್ಕೆ ಬೆಳೆಸಬೇಡಿ ಎಂದೇ ಅವನು ಹೇಳಿದ್ದ.

"ಈಗೇನ್ ಮಾಡ್ಲಿ?" ಎಂದೆ.

"ಆರಸಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ. ಚಾಲೂ ಆದ ಮ್ಯಾಲೆ..." ಎನ್ನುತ್ತಿದ್ದಂತೆ ಫೋನ್ ಹೋಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ನಲವತ್ತೊಂದು. ಐವತ್ತಾರು. ಎಪ್ಪತ್ತರ ಹತ್ತಿರ ಇನ್ವರ್ಟರ್ ಕೂಗತೊಡಗಿತು. ಪ್ರಯಾಗಬಾಯಿ ಎದ್ದು ಮನೆಯ ದೀಪ, ದೇವರ ಮುಂದಿನ ಬಲ್ಬು ಎಲ್ಲ ಆರಿಸಿ ಬಂದಳು. "ಈ ಸಲ ಹನ್ನೊಂದ ದಿನ ಆಗಗೊಡೂದಿಲ್ಲ," ಎಂದಳು. ಆ ಹನ್ನೊಂದು ದಿನ ನಾನೊಬ್ಬನೇ ಅನುಭವಿಸಿದೆ ಎಂದುಕೊಂಡಿದ್ದೆ. ಅವಳೂ ದಿನ ಎಣಿಸಿದ್ದಳು.

"ಶಂಭರ," ಎಂದಳು ಕೊನೆಗೆ, ನೂರು. "ಗುಡ್ಡ ಬಂತರೀ."

ಗುಡ್ಡ ಬಂತು, ಸರುಬಾಯಿ ಬರಲಿಲ್ಲ.

ದನಿ ಎಬ್ಬಿಸಲು ಮೂರು ಗುಂಡಿ ಒಟ್ಟಿಗೆ ಒತ್ತಬೇಕೆಂದು ಅಂಬಾದಾಸ ಹಿಂದೆಯೇ ಕಲಿಸಿದ್ದ. ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಆಮೇಲೆ ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಇನ್ನು ಹಾಸಿಗೆ, ಗೋಡೆ, ಗಂಟೆ ಎಷ್ಟಾಯಿತು ಎಂಬ ಪ್ರಶ್ನೆ. ಈ ಸಲ ಹನ್ನೊಂದಕ್ಕೇ ಮುಗಿಯುತ್ತದೆಂದು ಯಾರು ಹೇಳಬೇಕು? ಮಗಳ ಪತ್ರ ಒಳಗೆ ಬಂದು ಕೂತಿರುತ್ತದೆ, ನಾನು ಹೊರಗೆ ಕೂತಿರುತ್ತೇನೆ. ನಾನು ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ಪ್ರಯಾಗಬಾಯಿ ನನ್ನ ಕೈಯೆರಡನ್ನೂ ಹಿಡಿದು ಗುಂಡಿಗಳ ಮೇಲಿಂದ ಎತ್ತಿದಳು. "ತಡೀರಿ. ಏನೋ ಬರದದ ಮ್ಯಾಲೆ. ನೀವ ಒತ್ತಿದಾಗೊಮ್ಮೆ ಬದಲಾಗ್ತದ."

"ಏನ್ ಬರದದ? ಓದು."

ಅಕ್ಷರಕ್ಕೆ ಅಕ್ಷರ ಕೂಡಿಸಿದಳು. "ಸ್ಕ್ರೀ... ನ... ರೀಡರ..." ಅಲ್ಲಿಗೆ ನಿಂತಳು.

"ಮುಂದ?"

ಅವಳು ಮತ್ತೆ ಮೊದಲಿನಿಂದ ಅದೇ ಎರಡು ಶಬ್ದ ಕೂಡಿಸಿದಳು.

"ಮುಂದೇನದ ಪ್ರಯಾಗಾ?"

"ಬಂದ್," ಎಂದಳು.

ಮೂವತ್ತೆಂಟು ವರ್ಷದಲ್ಲಿ ಆ ಶಬ್ದ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆ ಶಬ್ದವೇ ನನಗೆ ದಾರಿ ತೋರಿಸಿತು. ಆ ಮೂರು ಗುಂಡಿ ಒಮ್ಮೆ ಒತ್ತಿದರೆ ಚಾಲೂ, ಇನ್ನೊಮ್ಮೆ ಒತ್ತಿದರೆ ಬಂದ್. ಹಳೆಯ ಮಶೀನು, ಎದ್ದು ಗಂಟಲು ಸರಿಮಾಡಿಕೊಳ್ಳಲು ಹೊತ್ತು ಬೇಕು. ಸರುಬಾಯಿ ಬಾಯಿ ತೆರೆಯುವ ಮೊದಲೇ ಪ್ರತಿ ಸಲ ನಾನೇ ಮುಚ್ಚಿದ್ದೆ.

ಒಂದೇ ಸಲ ಒತ್ತಿ ಕೈ ಹಿಂದೆ ಕಟ್ಟಿಕೊಂಡೆ. ಪ್ರಯಾಗಬಾಯಿ ನನ್ನ ಮಣಿಕಟ್ಟು ಬಿಡಲಿಲ್ಲ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು, ಇನ್ನೊಂದು ಹೋಯಿತು.

"ಸ್ಕ್ರೀನ ರೀಡರ ಚಾಲೂ," ಎಂದಳು ಸರುಬಾಯಿ, ಅದೇ ಮೂಗಿನಲ್ಲಿ.

ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ಕರೆಂಟು ಯಾವಾಗ ಬಂತೋ ಗೊತ್ತಾಗಲಿಲ್ಲ. ಫ್ಯಾನಿನ ಗಾಳಿ ಬಡಿದಾಗ ಬೆನ್ನೆಲ್ಲ ಒದ್ದೆಯಾಗಿರುವುದು ತಿಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ನಾನು ದಿನವೂ ಕಂಪ್ಯೂಟರ್ ಆರಿಸಿ ಮಲಗುತ್ತೇನೆ. ಅಂದು ಪ್ರಯಾಗಬಾಯಿ ಬಂದು ಪಕ್ಕದಲ್ಲಿ ನಿಂತಳು.

"ವಾಢವ್ಲೇನ್ರಿ?" ಎಂದಳು.

"ಬ್ಯಾಡ."

"ಯಾವ ವಾಢವಾದು ಬ್ಯಾಡ? ನಮ್ಮದೋ, ಅಂಬಾದಾಸಂದೋ?"

"ಎರಡೂ ಬ್ಯಾಡ," ಎಂದೆ.

ಇವತ್ತಿಗೆ ಆರು ದಿನ. ಮಶೀನ್ ಹಗಲು ರಾತ್ರಿ ಚಾಲೂ ಇದೆ. ಅಂಬಾದಾಸ ಬಂದು ನೋಡಿ, ಎಲ್ಲ ಸರಿಯಾಗಿದೆ, ಧಾರಾಳವಾಗಿ ಆರಿಸಿರಿ ಎಂದು ಹೇಳಿಹೋದ. ನಾನು ಹೂಂ ಎಂದೆ, ಆರಿಸಲಿಲ್ಲ. ಕಸ ಗುಡಿಸುವಾಗ ಅದರ ವಾಯರಿಗೆ ಕಸಬರಿಗೆ ತಾಗದಂತೆ ಪ್ರಯಾಗಬಾಯಿ ದೂರದಿಂದ ಸುತ್ತಿ ಹೋಗುವುದು ನನಗೆ ಕೇಳಿಸುತ್ತದೆ.