ಚೆಲ್ಲಬೇಕಾದ ಕಟ್ಟು

ತನ್ನನ್ನು ತಾನೇ ಇಷ್ಟೊಂದು ಮೆಚ್ಚಿಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಗಜೇಂದ್ರಗಡದ ಪೇಟೆಯಲ್ಲಿ ಕಂಡಿಲ್ಲ. ಆ ಒಬ್ಬನೆಂದರೆ ನನ್ನ ಅಕ್ಕ ಗೌರವ್ವನ ಗಂಡ, ಅರಳೆ ವ್ಯಾಪಾರಿ ಮಹಾಲಿಂಗಪ್ಪ. ಅರಳೆಯ ಎಳೆಯನ್ನು ಬೆರಳಲ್ಲಿ ಹಿಂಜಿ ನೋಡಿ ದರ ಹೇಳುತ್ತಿದ್ದ. ಅದೊಂದು ವಿದ್ಯೆ ಬಂದದ್ದಕ್ಕೆ ಜಗತ್ತಿನ ಉಳಿದ ವಿದ್ಯೆಯೆಲ್ಲ ತನ್ನ ಕಾಲ ಕೆಳಗೆ ಎಂದುಕೊಂಡಿದ್ದ. ೧೯೫೪ರಲ್ಲಿ ಅವನ ಮುಖ ಊದಿದಾಗ ಮೈ ತುಂಬಿಕೊಂಡಿದ್ದೇನೆ ಎಂದ. ಕಾಲು ಊದಿ ಚಪ್ಪಲಿ ಹಿಡಿಯದಾದಾಗ ಚಪ್ಪಲಿ ಹೊಲಿದವನನ್ನು ಬೈದ.

ಅಕ್ಕ ಅತ್ತೂ ಕರೆದೂ ಅವನನ್ನು ರೋಣದ ಗುರುರಾಜ ಡಾಕ್ಟರ ಹತ್ತಿರ ಹೊರಡಿಸಿದಳು. ನಾನೂ ಮುಶಿಗೇರಿಯಿಂದ ಬಂದು ಜೊತೆಗೂಡಿದೆ. ಡಾಕ್ಟರು ಅವನ ಮೂತ್ರವನ್ನು ಗಾಜಿನ ನಳಿಗೆಗೆ ಹಾಕಿ ದೀಪದ ಮೇಲೆ ಕಾಯಿಸಿದರು. ಅದು ಮೊಸರಿನ ಹಾಗೆ ಹೆಪ್ಪುಗಟ್ಟಿತು. ಹುಬ್ಬಳ್ಳಿಗೆ ಕಳಿಸಿದ ರಕ್ತದ ಪರೀಕ್ಷೆಯೂ ಆದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು.

"ನಿಮ್ಮ ಮೂತ್ರಪಿಂಡ ಸೊರಗ್ಯಾವ್ರಿ. ಹೋದದ್ದು ತಿರುಗಿ ಬರೂದಿಲ್ಲ, ಉಳದದ್ದನ್ನ ಕಾಯಬೇಕು. ಬ್ಯಾಳಿ, ಪಲ್ಯ, ಹಣ್ಣು, ಬೆಲ್ಲ, ಎಲ್ಲಾದರಾಗೂ ಪೊಟ್ಯಾಸಿಯಂ ಅಂತ ಒಂದು ಉಪ್ಪಿನಂಥಾದ್ದು ಇರತದ. ಚಲೋ ಮೂತ್ರಪಿಂಡ ಇದ್ರ ಹೆಚ್ಚಾದದ್ದನ್ನ ಉಚ್ಚಿಯೊಳಗ ಹೊರಗ ಹಾಕತಾವ. ನಿಮ್ಮವಕ್ಕ ಅದು ಆಗೂದಿಲ್ಲ, ರಕ್ತದಾಗ ಕೂಡತದ. ಭಾಳ ಆತಂದ್ರ ಜ್ವರ ಇಲ್ಲ, ನೋವಿಲ್ಲ, ಎದಿ ನಿಂತಬಿಡತದ."

ಆಮೇಲೆ ಅಕ್ಕನ ಕಡೆ ತಿರುಗಿದರು. "ತಂಗಿ, ಪಲ್ಯ ಸಣ್ಣಗ ಹೆಚ್ಚಿ, ಭಾಳ ನೀರಾಗ ಕುದಿಸಿ, ಆ ನೀರು ಚೆಲ್ಲು. ಬ್ಯಾಳಿ ಕಟ್ಟೂ ಚೆಲ್ಲು. ಆ ಉಪ್ಪು ಕಟ್ಟಿನಾಗ ಇಳದಿರತದ. ಮತ್ತ ಇವರ ಅಕ್ಕ-ತಂಗೇರಿದ್ರ ಅವರೂ ಒಮ್ಮೆ ತೋರಿಸಲಿ. ಕೆಲವು ಮನಿತನದಾಗ ಇದು ಹರದು ಬರತದ."

ನಮ್ಮ ಕಡೆಯ ಹೆಂಗಸಿಗೆ ಕಟ್ಟು ಚೆಲ್ಲು ಎನ್ನುವುದು ಸಣ್ಣ ಮಾತಲ್ಲ. ಬೇಳೆ ಬೇಯಿಸಿ ಬಸಿದ ನೀರೇ ಕಟ್ಟು. ಬೇಳೆ ಹೋಳಿಗೆಯ ಹೂರಣಕ್ಕೆ, ಕಟ್ಟು ಸಾರಿಗೆ. ಜ್ವರ ಬಿಟ್ಟು ಎದ್ದವನಿಗೆ ಮೊದಲು ಕೊಡುವುದೇ ಅದನ್ನು. ಕಟ್ಟು ಚೆಲ್ಲುವವಳು ಮನೆಯ ಸಿರಿ ತೊಳೆಯುವವಳು ಎಂದು ಊರು ಆಡಿಕೊಳ್ಳುತ್ತದೆ. ಗಂಡ ಉಳಿದರೆ ಸಾಕೆಂದು ಅಕ್ಕ ಚೆಲ್ಲಿದಳು. ಬಾವು ಇಳಿಯಿತು. ಮಹಾಲಿಂಗಪ್ಪ ಮತ್ತೆ ಅಂಗಡಿಯ ಗಾದಿ ಏರಿ, ತನ್ನ ಮೈಯೇ ಗಟ್ಟಿ ಎಂದು ಬಂದವರ ಮುಂದೆಲ್ಲ ಮೀಸೆ ತಿರುವಿದ. ಒಲೆಯ ಮುಂದೆ ಬೆಂದವಳ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಯುಗಾದಿಗೆ ಇಟಗಿಯಿಂದ ಅವನ ಅಕ್ಕ ಹೊನ್ನವ್ವ ಬಂದಳು. ಈಕೆಗೆ ತಿಳಿಯದ ವಿಷಯವನ್ನು ದೇವರು ಇನ್ನೂ ಹುಟ್ಟಿಸಿರಲಿಲ್ಲ. ಗೌರವ್ವ ಹೋಳಿಗೆಯ ಬೇಳೆ ಬಸಿದು ಕಟ್ಟನ್ನು ಬಚ್ಚಲಿಗೆ ಸುರಿಯುವುದನ್ನು ಕಂಡು ಎದೆ ಬಡಿದುಕೊಂಡಳು.

"ಅಯ್ಯಯ್ಯ, ಸತ್ವ ಬಚ್ಚಲಕ್ಕ, ಸಿಪ್ಪಿ ನನ್ನ ತಮ್ಮಗ!"

"ಡಾಕ್ಟರ ಹೇಳ್ಯಾರ್ರೀ ಅಕ್ಕಾರ. ಅದರಾಗ ಇರೂದ ಇವರಿಗೆ ಆಗೂದಿಲ್ಲಂತ. ನೀವೂ ಒಮ್ಮೆ ತೋರಿಸ್ಕೋಬೇಕಂತ ನೋಡ್ರಿ."

"ನನಗೇನ ಧಾಡಿ? ಗುಂಡಕಲ್ಲ ಇದ್ದಂಗ ಅದೀನಿ. ಔಷಧ ಮಾರಾಂವಗ ಹೋಳಗಿ ಸುದ್ದಿ ಏನ ತಿಳೀತೈತಿ?"

ಮಹಾಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕ. "ಈಕಿ ನನ್ನ ಉಪವಾಸ ಕೆಡವ್ಯಾಳ ನೋಡಕ್ಕಾ" ಎಂದ. ತನ್ನ ಜೀವ ಹಿಡಿದು ನಿಲ್ಲಿಸಿದವಳ ಎದುರಿಗೇ ಆ ಮಾತು ಹೇಳಿದ.

ಅಂದಿನಿಂದ ಒಲೆ ಹೊನ್ನವ್ವನ ಕೈಗೆ ಹೋಯಿತು. ತಮ್ಮನಿಗೆ ಬಟ್ಟಲುಗಟ್ಟಲೆ ಕಟ್ಟಿನ ಸಾರು, ಮೇಲೆ ಬೆಲ್ಲದ ಉಂಡೆ, ತಟ್ಟೆಯ ತುಂಬ ಹಸಿ ಸೊಪ್ಪು. ಗೌರವ್ವ ಅವನ ಕಾಲು ಹಿಡಿದಳು. "ನನ್ನ ತಾಳಿ ಸಲುವಾಗಿಯಾದ್ರೂ ಬಿಡ್ರಿ ಅದನ್ನ" ಎಂದಳು. ಅವನು ಅವಳಿಗೆ ಕೇಳಲೆಂದೇ ಸೊರ್ರೆಂದು ಹೀರಿದ. ಸುದ್ದಿ ತಿಳಿದು ನಾನು ಅಂಗಡಿಗೇ ಹೋಗಿ ಬುದ್ಧಿ ಹೇಳಿದೆ.

"ಏನಪಾ ಈಶಪ್ಪ, ಉಚ್ಚಿ ಹೊಯ್ಯಾಕೂ ರೋಣಕ್ಕ ಹೋಗಿ ಕೇಳಬೇಕೇನ?" ಎಂದ. ಸುತ್ತ ಕುಳಿತ ದಲಾಲಿಗಳು ಹಲ್ಲು ಕಿಸಿದರು. ಅವರ ಹಲ್ಲನ್ನು ನೆನೆದರೆ ನನಗೆ ಇಂದಿಗೂ ಉಗುಳಬೇಕು ಎನ್ನಿಸುತ್ತದೆ.

ಸ್ವಲ್ಪ ದಿನಕ್ಕೆ ಅವನ ಕಾಲು ಸೋತವು, ಕೈಯಲ್ಲಿ ತಕ್ಕಡಿ ನಿಲ್ಲದಾಯಿತು. ಗೌರವ್ವ ಗಾಡಿ ಕಟ್ಟಿಸಿ ರೋಣಕ್ಕೆ ಹೋಗೋಣ ಎಂದಳು. ಹೊನ್ನವ್ವ ಬಾಗಿಲಿಗೆ ಅಡ್ಡ ನಿಂತಳು. "ನೀ ಚೆಲ್ಲಿದ ಸತ್ವ ಇನ್ನೂ ತುಂಬವಲ್ದು" ಎಂದು ಇನ್ನೊಂದು ಬಟ್ಟಲು ಬಗ್ಗಿಸಿದಳು. ಅದನ್ನು ಕುಡಿದು ಅಂಗಡಿಗೆ ಹೋದವನು ಮಧ್ಯಾಹ್ನ ಗಾದಿಯ ಮೇಲೆ ಹಾಗೆಯೇ ವಾಲಿದ. ಬೆರಳಲ್ಲಿ ಅರಳೆಯ ಎಳೆ ಇತ್ತು. ಜ್ವರ ಇರಲಿಲ್ಲ, ನೋವೂ ಇರಲಿಲ್ಲ.

"ಕಡೀಕರೆ ನನ್ನ ಕೈಲೆ ಹೊಟ್ಟಿತುಂಬ ಉಂಡ ಹೋದ" ಎಂದು ಹೊನ್ನವ್ವ ಹೆಣದ ಮುಂದೆ ಹಾಡಾಡಿಕೊಂಡು ಅತ್ತಳು. ಊರು ಹೌದೌದೆಂದಿತು. ಕಟ್ಟು ಚೆಲ್ಲಿದಾಕೆ ಎಂಬ ಹೆಸರು ನನ್ನ ಅಕ್ಕನಿಗೆ ಅಂಟಿತು. ನೀರಿಗೆ ಹೋದಲ್ಲಿ, ಗುಡಿಗೆ ಹೋದಲ್ಲಿ ಆ ಹೆಸರು ಅವಳ ಬೆನ್ನಿಗಿತ್ತು.

ಮರುವರ್ಷ ಹೊನ್ನವ್ವನ ಮುಖ ಊದಿತು. ಈಗ ಔಷಧ ಮಾರುವವನು ದೇವರಾದ. ರೋಣದಲ್ಲಿ ಅದೇ ನಳಿಗೆ, ಅದೇ ಹೆಪ್ಪು, ಅದೇ ಪಥ್ಯ. ಸೊಸೆ ಸರಿಯಾಗಿ ಬಸಿಯುತ್ತಾಳೋ ಇಲ್ಲವೋ ಎಂಬ ಭಯಕ್ಕೆ, ಅಡಿಗೆ ಮಾಡಿಕೊಡಲು ಗೌರವ್ವನನ್ನೇ ಕರೆತರಲೆಂದು ಗಾಡಿ ಕಳಿಸಿದಳು. ಈ ನಾಚಿಕೆಗೇಡಿತನಕ್ಕೆ, ಅಂದು ಅಕ್ಕನ ಮನೆಗೆ ಬಂದಿದ್ದ ನಾನು ಗಾಡಿಯವನನ್ನೇ ಬೈದೆ. ಅಕ್ಕ ಸೆರಗು ಹೊದ್ದು ಗಾಡಿ ಹತ್ತಿದಳು. ಅವಳೊಬ್ಬಳನ್ನೇ ಕಳಿಸಲಾರದೆ ನಾನೂ ಹೋದೆ.

ಇಟಗಿಯಲ್ಲಿ ಅಕ್ಕ ಬೇಳೆ ಬೇಯಿಸಿ ಬಸಿದಳು. ಕಟ್ಟಿಗೆ ಬಳ್ಳೊಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟಳು. ಮನೆಯೆಲ್ಲ ಘಮ್ಮೆಂದಿತು. ಬಟ್ಟಲು ತುಂಬಿಸಿ ತಂದು ಹೊನ್ನವ್ವನ ಮುಂದಿಟ್ಟಳು.

"ಕುಡೀರಿ ಅಕ್ಕಾರ. ಸತ್ವ ಇದರಾಗ ಐತಿ ಅಂತಿದ್ರಲ್ಲ."

ಹೊನ್ನವ್ವ ಬಟ್ಟಲನ್ನು ನೋಡಿದಳು. ಕುಂಕುಮವಿಲ್ಲದ ಅಕ್ಕನ ಹಣೆ ನೋಡಿದಳು. ಅವಳ ಕೈ ಬಟ್ಟಲಿಗೆ ಹೋಗಲಿಲ್ಲ. ಸೊಸೆ, ಮಗ, ನಾನು, ಎಲ್ಲರೂ ನೋಡುತ್ತ ನಿಂತಿದ್ದೆವು.

"ಬ್ಯಾಡವ್ವ" ಎಂದಳು ಕೊನೆಗೆ. "ಚೆಲ್ಲು."

ಅಕ್ಕ ಬಟ್ಟಲನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ತಿರುಗಿ ಬಂದು ಅನ್ನ, ಬಸಿದ ಬೇಳೆ ಬಡಿಸಿ, "ಉಣ್ರಿ" ಎಂದಳು. ಹೊನ್ನವ್ವ ತಲೆ ಎತ್ತದೆ ಉಂಡಳು. ಆ ಮನೆಯಲ್ಲಿ ನಾನು ನೀರನ್ನೂ ಮುಟ್ಟಲಿಲ್ಲ.