ಹತ್ತು ಸೆಂಟಿಮೀಟರ್ ಜಾಗ

ಸತ್ತವರ ಲೆಕ್ಕದಲ್ಲಿ ತಪ್ಪು ಹುಡುಕೋದು ಬಲು ಸುಲಭ ನೋಡಿ, ಎದುರಾಡೋಕೆ ಅವರಿರಲ್ಲ. ವೆಲ್ಡರ್ ತಮ್ಮ ಮಾಡಿದ್ದೂ ಅದೇ. ಆರಡಿ ಮೀರಿದ ಆಳು. ಅಣ್ಣ ಅವನನ್ನು ಒಂಟೆ ಅಂತಲೇ ಕರೀತಿದ್ದ.

ಆ ಅಣ್ಣ ಹಳೇ ಕಾರಿನ ಇಂಜಿನ್ ಕಿತ್ತುಹಾಕಿ, ಬ್ಯಾಟರಿಯಲ್ಲಿ ಓಡಿಸ್ತೀನಿ ಅಂತ ಹೊರಟಿದ್ದ. "ನಿನ್ನ ಕೈಲಿ ಆದಂಗೇ ಬಿಡು" ಅಂತ ತಮ್ಮ ನಕ್ಕುಬಿಟ್ಟ. ಆ ನಗುವಿಗೆ ಎರಡು ವರ್ಷ ಮಾತು ನಿಂತಿತು. ಹೋಗಿ ತಪ್ಪಾಯ್ತು ಅನ್ನೋಣ ಅನ್ನುವಷ್ಟರಲ್ಲಿ ಅಣ್ಣನ ಎದೆಬಡಿತವೇ ನಿಂತುಹೋಯಿತು.

ಈಗ ಅತ್ತಿಗೆ ಕರೆಸಿದ್ದಳು. ದಿನಾ ಮಧ್ಯಾಹ್ನ ಮೂರಕ್ಕೆ, ಬೀಗ ಹಾಕಿದ ಶೆಡ್ಡಿನೊಳಗೆ, ಕಾರಿನ ಸೀಟು ಹಿಂದಕ್ಕೆ ಸರಿದ ಸದ್ದು: ಕರ್ರ್... ಕಟಕ್. ತೆರೆದು ನೋಡಿದರೆ ಸೀಟು ಮುಂದೆ, ಇದ್ದಲ್ಲೇ.

"ಭಾನುವಾರದೊಳಗೆ ಬ್ಯಾಟರಿ ರ‍್ಯಾಕ್ ಕೂರಿಸಿದ್ರೆ ಸರಿ. ಇಲ್ಲ ಅಂದ್ರೆ ಗುಜರಿಯವನು ಎತ್ಕೊಂಡು ಹೋಗ್ಲಿ. ನನಗೆ ನಿದ್ದೆಯಿಲ್ಲ."

ಕಾರೂ ಹೋದರೆ ಅಣ್ಣನ ಮುಂದೆ ತಲೆ ಬಗ್ಗಿಸೋಕೆ ತನಗೆ ಬೇರೆ ಜಾಗವಿಲ್ಲ ಅಂತ ಅವನಿಗೆ ಗೊತ್ತಿತ್ತು.

ಹಿಂದಿನ ಸೀಟು ತೆಗೆದ ಕಡೆ ರ‍್ಯಾಕ್ ಬರಬೇಕು. ಅಣ್ಣನ ನಕ್ಷೆಯಲ್ಲಿ ಉದ್ದ ತೊಂಬತ್ತು ಸೆಂಟಿಮೀಟರ್. ಟೇಪು ಹಿಡಿದರೆ ನೂರಹತ್ತು, ಹತ್ತು ಕಳೆದರೆ ಜಾಗ ನೂರು. ಆ ಮನೆಯ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಎಂದೋ ತುಂಡಾಗಿತ್ತು. ಅಳೆದು ಹತ್ತು ಕಳೆ ಅನ್ನೋದು ಅಣ್ಣತಮ್ಮಂದಿರ ಚಿಕ್ಕಂದಿನ ಪಾಠ. ಪುಣ್ಯಾತ್ಮ ಎರಡು ಸಲ ಕಳೆದಿದ್ದಾನೆ ಅಂದುಕೊಂಡು ತಮ್ಮ ನೂರಕ್ಕೇ ಕಬ್ಬಿಣದ ಆಂಗಲ್ ಪಟ್ಟಿ ಕೊಯ್ದ, ಬೆಸೆದ, ಬೋಲ್ಟ್ ಬಿಗಿದ. ಇನ್ನೊಂದು ಸಾಲು ಬ್ಯಾಟರಿ ಹಿಡಿಸುತ್ತೆ ಅಂತ ಬೀಗಿದ ಕೂಡ.

ಮಾರನೇ ದಿನ ಮೂರಾಯಿತು, ಮೂರೂವರೆಯಾಯಿತು. ಶೆಡ್ಡು ಪಿಟಕ್ ಅನ್ನಲಿಲ್ಲ. ಅತ್ತಿಗೆ ಬಂದು ನಿಂತಳು, ಮುಖ ಬಿಳಿಚಿಕೊಂಡಿತ್ತು.

"ಸದ್ದು ನಿಂತಿತಲ್ಲ ಅತ್ತಿಗೆ, ಖುಷಿಪಡಿ."

"ಯಾರನ್ನೋ ಒಳಗೆ ಕೂಡಿ ಬಾಗಿಲು ಹಾಕಿದ ಹಾಗಿದೆ ಕಣೋ."

ಅವನು ಹೆದರಿಕೆ ತೋರಬಾರದೆಂದು ಡ್ರೈವರ್ ಸೀಟಿನಲ್ಲಿ ಕೂತ. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸೀಟು ಹಿಂದಕ್ಕೆ ತಳ್ಳಿದರೆ ಜಪ್ಪಯ್ಯ ಅನ್ನಲಿಲ್ಲ. ಅಡ್ಡ ಅವನದೇ ರ‍್ಯಾಕ್ ಇತ್ತು.

"ನಿಮ್ಮಣ್ಣ ಊಟ ಆದ್ಮೇಲೆ ದಿನಾ ಬಂದು ಸೀಟು ಹಿಂದಕ್ಕೆ ತಳ್ಳಿ ಅಳೀತಿದ್ರು," ಅತ್ತಿಗೆ ಅಂದಳು. "ಕುಳ್ಳಗಿದ್ರಲ್ಲ, ಹಾಗೆ ತಳ್ಳಿದ್ರೆ ಕಾಲೇ ಪೆಡಲ್ಲಿಗೆ ಎಟುಕ್ತಿರಲಿಲ್ಲ. ಇದ್ಯಾಕ್ರೀ ಅಂದ್ರೆ, ಮೊದಲ ಸಲ ಓಡಿಸೋನು ಒಂಟೆ ಅಲ್ವಾ ಅಂತಿದ್ರು. ಮಾತೇ ಬಿಟ್ಟಿರೋನು ಯಾಕೆ ಬರ್ತಾನೆ ಅಂತ ನಾನು ಬೈದಿದ್ದೆ."

ಅವನು ಅಲ್ಲೇ, ಸ್ಟೇರಿಂಗಿಗೆ ಹಣೆ ಹಚ್ಚಿ, ಅತ್ತಿಗೆ ಇದ್ದಾಳೆ ಅನ್ನೋದನ್ನೂ ಮರೆತು ಅತ್ತ.

ಆಮೇಲೆ ಬೋಲ್ಟ್ ಬಿಚ್ಚಿದ. ಸರಿಯಾಗಿ ಹತ್ತು ಸೆಂಟಿಮೀಟರ್ ಕೊಯ್ದು ತೆಗೆದ. ಭಾನುವಾರ ರ‍್ಯಾಕ್ ಮತ್ತೆ ಕೂರಿಸಿ ಕೈ ಒರೆಸಿಕೊಳ್ಳುವಾಗ ಮೂರು ಗಂಟೆ. ಇಬ್ಬರೂ ಕಾರಿನ ಹೊರಗೇ ನಿಂತಿದ್ದರು.

ಕರ್ರ್... ಕಟಕ್.

ಈ ಸಲ ಸೀಟು ಹಿಂದೆಯೇ ಉಳಿಯಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗುಜರಿಯವನಿಗೆ ಬರಬೇಡ ಅನ್ನಲು ಒಳಗೆ ಹೋದಳು.

ಅವನು ಕೂತ. ಕಾಲು ನೀಳವಾಗಿ ಚಾಚಿತು.

"ತಪ್ಪಾಯ್ತು ಅಣ್ಣ," ಅಂದ.

ಪಕ್ಕದ ಸೀಟಿನ ಮೆತ್ತೆ, ಯಾರೋ ಕೂತ ಹಾಗೆ, ಮೆಲ್ಲಗೆ ತಗ್ಗಿತು. ಅವನು ಅತ್ತ ತಿರುಗಲಿಲ್ಲ. ಸ್ಟೇರಿಂಗ್ ಹಿಡಿದು ಕೂತೇ ಇದ್ದ.