ಐದು ಬ್ಯಾಗು, ಎರಡು ತೆಂಗಿನಕಾಯಿ

ತಣ್ಣಗೆ ಕತ್ತಿನ ಹಿಂದೆ ಒಂದು ಹನಿ, ಮೇಲೆ ನೋಡಿದರೆ ಸುಣ್ಣದಕಲ್ಲಿನ ಮೊನೆ, ತುದಿಯಲ್ಲಿ ಇನ್ನೊಂದು ಹನಿ ಬೀಳಲು ತಯಾರು, ಗುಹೆಯ ನೆತ್ತಿಯಲ್ಲಿ ಎರಡು ತೂತು, ಅಲ್ಲಿಂದ ಬಿಸಿಲು ನೇರ ಕೊಳಕ್ಕೆ ಬಿದ್ದು ನೀರು ತಳದ ತನಕ ಹಸಿರು, ಎಷ್ಟು ಚಂದ, ಎರಡು ತೆಂಗಿನಕಾಯಿ ಯಾಕೆ ನೆನಪಾಯಿತೋ, ಮತ್ತು ನಾನು, ಸ್ವರ್ಣಲತಾ, ಅರವತ್ತೆರಡು ವರ್ಷದವಳು, ಮುಂಬಯಿ ಬದಿಯ ಡೊಂಬಿವಲಿಯಿಂದ ಫಿಲಿಪೈನ್ಸಿನ ತನಕ ವಿಮಾನದಲ್ಲಿ ಬಂದವಳು, ಮೆಟ್ಟಿಲ ಮೇಲೆ ಐದು ಬ್ಯಾಗುಗಳ ನಡುವೆ ಕೂತಿದ್ದೇನೆ — ಮಮ್ಮಿ, ಆಪ್ ಇಧರ್ ಬೈಠೋ, ಬ್ಯಾಗ್ ದೇಖೋ, ಎಂದು ಮಗ ಸಮಿತ್ ನೀರಿಗೆ ಹಾರಿದ, ಸೊಸೆ ನಿಶ್ಮಿತಾ ಫೋನನ್ನೂ ನನ್ನ ಮಡಿಲಿಗೆ ಹಾಕಿದಳು, ಅತ್ತೆ ನಿಮಗೆ ಬೋರ್ ಆಗುದಿಲ್ಲ ಅಲ್ಲ, ಇಲ್ಲಮ್ಮ, ನನಗೆ ಎಂತದು ಬೋರ್, ಮಹಾಬಲೇಶ್ವರದಲ್ಲಿ ಬ್ಯಾಗು ಕಾದೆ, ಗೋವಾದಲ್ಲಿ ಚಪ್ಪಲಿ ಕಾದೆ, ಠಾಕುರ್ಲಿಯಲ್ಲಿ ಇದೇ ಸಮಿತ್ ಈಜು ಕಲಿಯುವಾಗ ಎರಡು ವರ್ಷ ಟವೆಲ್ ಹಿಡಿದು ನಿಂತೆ, ಕೈ ಅಗಲ ಮಾಡು ಮಗಾ ಎಂದದ್ದಕ್ಕೆ ಕೋಚ್ ನಕ್ಕ, ಕಾಕೂ, ತುಮ್ಹಾಲಾ ಪೋಹತಾ ಯೇತಂ ಕಾ, ಈಜಲು ಬರುತ್ತದಾ ಅಂತ ನನಗೆ ಕೇಳುತ್ತಾನೆ, ಬರುತ್ತದೆ ಮಾರಾಯ, ಬಾಯಿವರೆಗೆ ಬಂದದ್ದನ್ನು ನುಂಗಿದೆ, ಪಕ್ಕದಲ್ಲಿ ಇವರಿದ್ದರು, ಗಂಡಸರೆದುರು ಹೆಂಡತಿ ಒದ್ದೆಯಾದರೆ ಇವರ ಮರ್ಯಾದೆ ಹೋಗುತ್ತಿತ್ತು, ಈಗ ಇವರು ಹೋಗಿಯೇ ನಾಲ್ಕು ವರ್ಷ, ಆದರೂ ಕೂತೇ ಇದ್ದೇನೆ, ಯಾರ ಮರ್ಯಾದೆ ಕಾಯಲಿಕ್ಕೆ.

ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ, ಒಂದಕ್ಕೊಂದು ಕಟ್ಟಿ ಎದೆಯಡಿಗೆ ಕೊಟ್ಟು ಸಣ್ಣವಳಿದ್ದಾಗ ನಮ್ಮ ಯೋಗೀಶಣ್ಣ ನನ್ನನ್ನು ತವರೂರು ಕಟಪಾಡಿಯ ಕೆರೆಗೆ ಇಳಿಸಿದ್ದ, ಕಾಲು ಬಡಿ ಲತಾ, ಹೆದರಬೇಡ, ಹತ್ತನೇ ದಿನ ನಡುನೀರಿನಲ್ಲಿ ಮೆಲ್ಲ ಅದನ್ನು ಎಳೆದುಬಿಟ್ಟ, ಕಾಯಿಗಳು ತೇಲುತ್ತಾ ದೂರ ಹೋದವು, ನಾನು ಮುಳುಗಲಿಲ್ಲ — ಆಮೇಲೆ ಮದುವೆ, ಡೊಂಬಿವಲಿ, ನೀರೆಂದರೆ ಡ್ರಮ್ಮು, ನಳ ಬರುವ ಅರ್ಧ ಗಂಟೆ, ನೀರಿಲ್ಲದ ಶುಕ್ರವಾರ, ನಲವತ್ತು ವರ್ಷ ಚೊಂಬಿನಲ್ಲಿ ಮಿಂದೆ, ಸಾಕು, ಗಂಟು ಕಾಯಲು ನಾನೇನು ಸ್ಟೇಷನ್ನಿನ ಕ್ಲೋಕ್‌ರೂಮಾ, ಎದ್ದೆ, ಫೋನನ್ನು ಬ್ಯಾಗಿಗೆ ತುರುಕಿ ಜಿಪ್ಪು ಎಳೆದೆ, ಚೂಡಿದಾರದ ವೇಲು ತೆಗೆದು ಅದರ ಮೇಲಿಟ್ಟೆ, ಮೊದಲ ಮೆಟ್ಟಿಲು, ಅಯ್ಯೋ ಏನು ಥಂಡಿ, ಎರಡನೆಯದು, ಮಮ್ಮಿ ಕ್ಯಾ ಕರ್ ರಹೇ ಹೋ, ಗೆಹರಾ ಹೈ, ಆಳವಿದ್ದರೆ ಇರಲಿ, ಮೊಣಕಾಲು ನೋಯುತ್ತದೆ, ನೋಯಲಿ, ಮಮ್ಮಿ, ಪಾಸ್‌ಪೋರ್ಟ್ ಸಬ್ ಉಸೀ ಮೇ ಹೈ, ಕೌನ್ ದೇಖೇಗಾ, ನಿನ್ನ ಪಾಸ್‌ಪೋರ್ಟ್ ನೀನೇ ನೋಡಿಕೋ ಮಗಾ, ಎಂದೆ, ಗುಹೆಯೆಲ್ಲ ಕೇಳುವ ಹಾಗೆ ಎಂದೆ, ಮೂರನೆಯ ಮೆಟ್ಟಿಲ ನಂತರ ನೆಲವೇ ಇಲ್ಲ, ಮೂಗಿಗೆ ನೀರು, ಕಿವಿಗೆ ನೀರು, ಮರೆತೆನಾ, ಸತ್ತೆನಾ, ಇಲ್ಲ, ಕಾಲು ತಾನಾಗಿ ಬಡಿಯಿತು, ಕೈ ಅಗಲವಾಯಿತು, ತಲೆ ಮೇಲೆ ಬಂತು, ಅತ್ತೇ, ನಿಮಗೆ ಬರ್ತದಾ, ನಿಶ್ಮಿತಾಳ ಬಾಯಿ ತೆರೆದೇ ಇದೆ, ಬರ್ತದೆ, ಮೊದಲಿಂದಲೂ ಬರ್ತದೆ, ಕೇಳಿದವರು ಯಾರು, ಬಿಸಿಲು ಬೀಳುವ ಜಾಗದ ತನಕ ಈಜಿ ಅಂಗಾತ ತೇಲುತ್ತಾ ಮೆಟ್ಟಿಲ ಕಡೆ ನೋಡುತ್ತೇನೆ, ಸಮಿತ್ ಒದ್ದೆ ಚಡ್ಡಿಯಲ್ಲಿ, ಮೈಯಿಂದ ನೀರು ಸುರಿಸುತ್ತಾ, ಐದು ಬ್ಯಾಗುಗಳ ನಡುವೆ ಕೂತಿದ್ದಾನೆ, ದೂರವಾಗುತ್ತಾನೆ, ಸಣ್ಣಗಾಗುತ್ತಾನೆ, ಎರಡು ತೆಂಗಿನಕಾಯಿ, ಒಂದಕ್ಕೊಂದು ಕಟ್ಟಿದ್ದು, ತೇಲುತ್ತಾ, ದೂರ —